ಒದ್ದೆ ಅರಿವೆಯ ತೂಕ

ಆ ನರ್ಸಬಾಯಿಯ ಬೆರಳುಗಳು ಸಾಬೂನಿನಲ್ಲಿ ತೊಳೆದೂ ತೊಳೆದೂ ಬೆಳ್ಳಗೆ ಬಿರಿದಿದ್ದವು. ಕೂಸನ್ನು ಮುಟ್ಟುವ ಮುಂಚೆ ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ದೊಡ್ಡವರ ಮೇಲೆ ಮಾತ್ರ ಅಂಥ ಕರುಣೆ ಇರಲಿಲ್ಲ, ಬೈದೇ ಮಾತಾಡುತ್ತಿದ್ದರು.

ನನ್ನ ಚೊಚ್ಚಲ ಮಗ ಗುದದ್ವಾರವೇ ಇಲ್ಲದೆ ಹುಟ್ಟಿದ್ದ. ಬನಹಟ್ಟಿಯಿಂದ ಜಮಖಂಡಿಯ ಒಂದು ಆಸ್ಪತ್ರೆಗೆ ಒಯ್ದೆವು. ಹೊರಗಿನಿಂದ ಬಂದ ಸರ್ಜನ್ ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿಕೊಟ್ಟು ಹೋದರು. ಇಂಥ ಕೂಸುಗಳಿಗೆ ಆಪರೇಶನ್ನಿನ ನಂತರವೇ ಗಂಡಾಂತರ, ಕಿಡ್ನಿ ಕೈಕೊಡುತ್ತದೆ ಎಂದು ನರ್ಸಬಾಯಿ ಮೊದಲ ದಿನವೇ ಹೇಳಿದ್ದರು. ಅದಕ್ಕೇ ಮೂತ್ರದಿಂದ ಒದ್ದೆಯಾದ ಪ್ರತಿ ಬಟ್ಟೆಯನ್ನೂ ತೂಗಿ ಬರೆದಿಡುತ್ತಿದ್ದರು. "ಕೂಸಿಗೆ ಬಾಯಿಲ್ಲರಿ, ಈ ಅರಿವೀನೇ ಮಾತಾಡಬೇಕು" ಎನ್ನುತ್ತಿದ್ದರು. ನಮ್ಮವ್ವ ಮನೆಯ ಮಗ್ಗದಿಂದ ಹೊಸ ಬಟ್ಟೆ ತಂದಾಗ, ಗಂಜಿ ಹೋಗದ ಬಟ್ಟೆ ನೀರು ಹೀರುವುದಿಲ್ಲ, ಹಳೇ ಸೀರೆ ಹರಿದು ತನ್ನಿ ಎಂದು ತಿರುಗಿ ಕಳಿಸಿದರು. ನೇಕಾರರಿಗೇ ಬಟ್ಟೆಯ ಪಾಠ ಹೇಳಿದ್ದು ಅವ್ವನಿಗೆ ಹಿಡಿಸಲಿಲ್ಲ.

ಮೂರನೆಯ ದಿನ ಬಟ್ಟೆ ಒಣಗಿಯೇ ಉಳಿಯತೊಡಗಿತು. ಸೋಂಕಿಗೆ ಕೊಡುತ್ತಿದ್ದ ಇಂಜೆಕ್ಷನ್ ಕಿಡ್ನಿಗೆ ಭಾರ, ಸಂಜೆಯೊಳಗೆ ಮೂತ್ರ ಆಗದಿದ್ದರೆ ಅದನ್ನು ನಿಲ್ಲಿಸಿ ಹುಬ್ಬಳ್ಳಿಗೆ ಒಯ್ಯಬೇಕು ಎಂದು ನರ್ಸಬಾಯಿ ಹೇಳಿದರು. ನಮ್ಮ ಓಣಿಯಿಂದ ಹುಬ್ಬಳ್ಳಿಗೆ ಹೋದ ಎರಡು ಕೂಸು ತಿರುಗಿ ಬಂದಿರಲಿಲ್ಲ. ಅವ್ವ ನಳದ ಹತ್ತಿರ ಹೋಗಿ ಬಟ್ಟೆಗೆ ನೀರು ಚಿಮುಕಿಸಿ ತಂದಳು. ಮಗ್ಗದಲ್ಲಿ ನೂಲು ಹರಿಯದಿರಲೆಂದು ಅದನ್ನು ಸುತ್ತಿದ ಕಂಡಿಕೆ ತೋಯಿಸಿ ಹದ ಮಾಡುವ ಕೈ ಅದು, ಎಲ್ಲೂ ಹೆಚ್ಚಾಗಲಿಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ನನಗೂ ಹುಬ್ಬಳ್ಳಿ ಬೇಡವಾಗಿತ್ತು.

ಇಂಜೆಕ್ಷನ್ ಮುಂದುವರಿಯಿತು, ಅವ್ವ ನೀರು ಚಿಮುಕಿಸುವುದೂ ಮುಂದುವರಿಯಿತು. ಮರುದಿನ ಮಧ್ಯಾಹ್ನ ನರ್ಸಬಾಯಿ ಕೂಸಿನ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಮೂತ್ರ ಕಟ್ಟಿ ಬಾತ ಕಾಲಿನಲ್ಲಿ ಬಿದ್ದ ಕುಳಿ ಮೇಲೇಳಲಿಲ್ಲ. ತಕ್ಕಡಿಯಲ್ಲಿದ್ದ ಬಟ್ಟೆ ಎತ್ತಿ ಮೂಸಿದರು.

"ಇದು ನಳದ ನೀರೈತಿ" ಎಂದರು. ನೋಡಿದ್ದು ಅವ್ವನನ್ನಲ್ಲ, ನನ್ನನ್ನು. "ನೀ ಹಡದಾಕಿ. ನೀನರ ಹೇಳಬೇಕಿತ್ತವಾ."

ಹುಬ್ಬಳ್ಳಿಯಲ್ಲಿ ಎರಡು ದಿನವಿದ್ದು ಕೂಸು ಹೋಯಿತು. ನಮ್ಮವರು ಜಮಖಂಡಿಗೆ ಬಂದು ಗದ್ದಲ ಮಾಡಿದರು. ನರ್ಸಬಾಯಿ ತೂಕ ತಪ್ಪಾಗಿ ಬರೆದಳೆಂದು ಅವ್ವನೇ ಎದೆ ಬಡಿದುಕೊಂಡು ಹೇಳಿದಳು. ನರ್ಸಬಾಯಿ ನೀರಿನ ವಿಷಯ ಒಂದೇ ಸಲ ಹೇಳಿದರು. ಯಾರೂ ನಂಬಲಿಲ್ಲ. ಅದು ನಿಜವೇ ಎಂದು ಡಾಕ್ಟರು ನನ್ನನ್ನು ಕೇಳಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಆ ಅಳುವೇ ಸಾಕ್ಷಿಯಾಯಿತು. ನರ್ಸಬಾಯಿಯನ್ನು ಕೆಲಸದಿಂದ ತೆಗೆದರು.

ಕೆಲವು ವರ್ಷದ ಮೇಲೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನನ್ನ ಕಂಕುಳಲ್ಲಿ ಎರಡನೆಯ ಮಗನಿದ್ದ. ಅದೇ ಬಿರಿದ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಅವನ ಗಲ್ಲ ಮುಟ್ಟಿದರು. ಛಲೋ ಅದಾನಲ್ಲ ಎಂದು ಕೇಳಿದರು, ಅಷ್ಟೇ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಸ್ಸು ಬಂತು, ಹೇಡಿ ನಾನು, ಹತ್ತಿಬಿಟ್ಟೆ.

ಅವರು ತೀರಿಕೊಂಡರೆಂದು ಹೋದ ವರ್ಷ ಗೊತ್ತಾಯಿತು. ನಮ್ಮ ಮನೆಯಲ್ಲಿ ಇವತ್ತಿಗೂ ಆ ಕೂಸಿನ ಮಾತು ಬಂದರೆ, ನರ್ಸಬಾಯಿ ಕೊಂದಳು ಎನ್ನುತ್ತಾರೆ. ನಾನು ಇವತ್ತಿಗೂ ಸುಮ್ಮನೆ ಕೂತು ಕೇಳುತ್ತೇನೆ.