ಒಂಬತ್ತರ ಬಸ್ಸು ಮತ್ತು ನನ್ನ ರಾಶಿ

ನಾನು ಕರ್ಕಾಟಕ ರಾಶಿಯಲ್ಲಿ ಹುಟ್ಟಿ ಸಿಂಹ ರಾಶಿಯಲ್ಲಿ ಮದುವೆಯಾದವಳು. ಇದಕ್ಕೆ ಕಾರಣ ನಮ್ಮೂರು ತೆಲಿಗಿಗೆ ಬರುತ್ತಿದ್ದ ಬೆಳಗಿನ ಬಸ್ಸು.

ಹರಪನಹಳ್ಳಿಯಿಂದ ಬಂದು, ಊರ ಮುಂದಿನ ಕಟ್ಟೆಯ ಹತ್ತಿರ ತಿರುಗಿಸಿಕೊಂಡು ಹೋಗುವ ಅದನ್ನು ಎಲ್ಲರೂ ಒಂಬತ್ತರ ಬಸ್ಸು ಅನ್ನುತ್ತಿದ್ದರು. ಅದು ಒಂಬತ್ತೂವರೆಗಿಂತ ಮೊದಲು ಬಂದದ್ದನ್ನು ಕಂಡವರು ಕಡಿಮೆ. ನಾನು ಹುಟ್ಟುವ ದಿನ ಅವ್ವನಿಗೆ ನೋವು ಜಾಸ್ತಿಯಾಗಿ, ಆಸ್ಪತ್ರೆಗೆ ಒಯ್ಯೋಣವೆಂದು ಅಪ್ಪ ಕೈಗಡಿಯಾರ ನೋಡುತ್ತ ಕಟ್ಟೆಯ ಮೇಲೆ ಕಾದು ನಿಂತಿದ್ದನಂತೆ. ಬಸ್ಸು ಬಂತು ಎಂದು ಅವನು ಓಡಿ ಬರುವುದಕ್ಕೂ ಒಳಗೆ ನಾನು ಅಳುವುದಕ್ಕೂ ಸರಿಹೋಯಿತು. ಅದೊಂದು ದಿನ ಮಾತ್ರ ಬಸ್ಸು ಸರಿಯಾಗಿ ಒಂಬತ್ತಕ್ಕೇ ಬಂದಿತ್ತು. ಅಪ್ಪ ಜಾತಕದಲ್ಲಿ ಅದನ್ನೇ ಬರೆಸಿದ.

ಪಂಚಾಂಗದ ಪ್ರಕಾರ ಆವತ್ತು ಆಶ್ಲೇಷ ನಕ್ಷತ್ರ ಮುಗಿಯುವುದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಆಶ್ಲೇಷದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಕುತ್ತು ಎಂದು ನಮ್ಮ ಕಡೆ ನಂಬುತ್ತಿದ್ದರು. ಹತ್ತು ನಿಮಿಷ ತಡೆದು ಹುಟ್ಟಿದ್ದರೆ ಮಘಾ ನಕ್ಷತ್ರ, ಸಿಂಹ ರಾಶಿ, ಯಾರಿಗೂ ಏನೂ ಇಲ್ಲ. ತೊಂಬತ್ತರ ದಶಕದಲ್ಲಿ ನಾನು ಶಿಕ್ಷಕರ ತರಬೇತಿ, ಟಿ.ಸಿ.ಎಚ್. ಮುಗಿಸಿ ಮನೆಯಲ್ಲಿ ಕೂತಾಗ ಎರಡು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಜಾತಕ ಕೇಳಿ ಎದ್ದು ಹೋದರು. ಹುಡುಗಿ ಚಲೋ ಅದಾಳ, ಆದರ ನಮ್ಮವ್ವ ಬೇಕಲ್ರಿ ನಮಗ, ಎಂದು ಒಬ್ಬ ಹುಡುಗ ಮುಖದ ಮೇಲೇ ಹೇಳಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಮದುವೆಗೆ ಮೊದಲೇ ಒಬ್ಬಳನ್ನು ಕೊಲ್ಲುವವಳಂತೆ ನನ್ನನ್ನು ನೋಡಿದ್ದು ಮಾತ್ರ ಬಹಳ ದಿನ ಚುಚ್ಚಿತು.

ಮೂರನೆಯದು ಕೊಟ್ಟೂರಿನ ಮನೆ. ಹುಡುಗನ ಜೊತೆ ಅವನ ತಾಯಿಯೇ ಬಂದಿದ್ದರು. ಪಂಚಾಂಗ ನೋಡುವ ಅಯ್ಯನವರು ಜಾತಕ ಬಿಚ್ಚಿ, ಕನ್ನಡಕ ಒರೆಸಿಕೊಂಡು, ಆಶ್ಲೇಷ ಅಂದರು. ಆ ತಾಯಿ ಮುಂದೆ ಸರಿದು ಕೇಳಿದರು.

"ಹುಟ್ಟಿದ ಟೈಮು ಯಾರು ನೋಡ್ಯಾರ್ರಿ?"

"ಒಂಬತ್ತರ ಬಸ್ಸು ಬಂದಾಗ ಹುಟ್ಯಾಳ್ರಿ," ಎಂದಳು ಅವ್ವ.

"ಯಾವ ಬಸ್ಸು? ಇವತ್ತು ನಾವು ಬಂದೀವಲ್ಲ, ಅದಾ?" ಅವರು ನಕ್ಕುಬಿಟ್ಟರು. "ಅಯ್ನೋರೆ, ಆ ಬಸ್ಸು ನಮ್ಮನ್ನ ಇಳಿಸಿದಾಗ ಹತ್ತಕ್ಕ ಐದು ನಿಮಿಷ ಕಮ್ಮಿ ಇತ್ತು. ಅದು ಯಾವ ಕಾಲಕ್ಕ ಒಂಬತ್ತಕ್ಕ ಬಂದೈತಿ?"

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವ ಅವನ ಕಾಲು ತುಳಿದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕಂಡಿತು. ಅಪ್ಪ ಬಾಯಿ ಮುಚ್ಚಿದ. ಅಯ್ಯನವರು ಬೆರಳು ಮಡಚಿ ಎಣಿಸಿ, ಒಂಬತ್ತೂವರೆ ಎಂದು ಹಿಡಿದು, ಮಘಾ, ಸಿಂಹ ಎಂದು ಹೊಸದಾಗಿ ಬರೆದರು. ಚಹಾ ಆರುವುದರೊಳಗೆ ನನ್ನ ರಾಶಿ ಬದಲಾಗಿತ್ತು.

ಕೊಟ್ಟೂರಿಗೆ ಸೊಸೆಯಾಗಿ ಬಂದೆ. ಅಲ್ಲೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು, ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ಅತ್ತೆಗೆ ಕೆಮ್ಮು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಸುಳ್ಳು ಜಾತಕದ ಮೇಲೆ ಈ ಮನೆಗೆ ಬಂದೆನಲ್ಲ ಎಂಬ ಅಳುಕು ಬಿಡುತ್ತಲೇ ಇರಲಿಲ್ಲ.

ಧೈರ್ಯಕ್ಕೆಂದು ಪುಸ್ತಕ ಹಿಡಿದೆ. ಹಿಂದಿನವರು ಆಕಾಶವನ್ನು ಹನ್ನೆರಡು ಸಮನಾದ ಮನೆ ಮಾಡಿ ಹೆಸರಿಟ್ಟರು, ನಕ್ಷತ್ರಗಳು ಮಾತ್ರ ತಮಗೆ ತಿಳಿದ ಕಡೆ ಕೂತಿವೆ. ನಾವು ಸಂಕ್ರಾಂತಿಗೆ ಎಳ್ಳು ಹಂಚುವುದಕ್ಕೆ ಮೂರು ವಾರ ಮೊದಲೇ ಸೂರ್ಯ ಉತ್ತರಕ್ಕೆ ಹೊರಳಿರುತ್ತಾನೆ. ಎರಡು ಬೇರೆ ಬೇರೆ ಪಂಚಾಂಗ ತಂದು ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ದಿನದ ಆಶ್ಲೇಷ ಒಂದರಲ್ಲಿ ಮುಗಿದು ಅರ್ಧ ತಾಸಿನ ಮೇಲೆ ಇನ್ನೊಂದರಲ್ಲಿ ಮುಗಿಯುತ್ತಿತ್ತು. ಬೇರೆ ಪಂಚಾಂಗ ಹಿಡಿದಿದ್ದರೆ ಒಂಬತ್ತಕ್ಕೇ ಮಘಾ ಆಗುತ್ತಿತ್ತೇನೋ, ಅವ್ವ ಸುಮ್ಮನೆ ಅಪ್ಪನ ಕಾಲು ನೋಯಿಸಿದ್ದಳು.

ಎರಡು ಸಾವಿರನೇ ಇಸವಿಯ ಈಚೆಗೆ ಒಂದು ಬೇಸಿಗೆ, ಅತ್ತೆ ಎಂಟು ದಿನ ಜ್ವರದಲ್ಲಿ ಮಲಗಿ ಎದ್ದರು. ಆ ಎಂಟು ದಿನ ನಾನು ಪುಸ್ತಕದಲ್ಲಿ ಓದಿದ್ದೊಂದೂ ನೆನಪಿಗೆ ಬರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಕರೆಂಟು ಹೋಗಿತ್ತು. ಮಾಳಿಗೆಯ ಮೇಲೆ ಗಾಳಿಗೆ ಕೂತಿದ್ದೆವು. ನೆತ್ತಿಯ ಹತ್ತಿರ ಮಘಾ ಹೊಳೆಯುತ್ತಿತ್ತು. ಅದರ ಪಕ್ಕ ಮಸುಕಾಗಿ ಆಶ್ಲೇಷದ ಗುಂಪು.

"ಅತ್ತೆ, ಅದು ಮಘಾ, ಇದು ಆಶ್ಲೇಷ ನೋಡ್ರಿ. ನಡುವೆ ಗೆರಿ ಅನ್ನೋದು ಎಲ್ಲೂ ಇಲ್ಲ."

"ಹೌದಲ್ಲ, ಬರೀ ಕತ್ತಲ ಐತಿ," ಎಂದರು ಕಣ್ಣು ಕಿರಿದು ಮಾಡಿ.

ಆಗ ತಡೆಯಲಾಗಲಿಲ್ಲ. "ಅತ್ತೆ, ನಾ ಹುಟ್ಟಿದ ದಿನ ಬಸ್ಸು ಒಂಬತ್ತಕ್ಕೇ ಬಂದಿತ್ತು," ಅಂದುಬಿಟ್ಟೆ.

"ಗೊತ್ತೈತಿ ಬಿಡ. ನಿಮ್ಮವ್ವ ಕಾಲು ತುಳಿದಿದ್ದು ನಾನೂ ನೋಡೀನಿ."

ಹಾಗಾದರೆ ನೀವು ಇದನ್ನೆಲ್ಲ ನಂಬುತ್ತಿರಲಿಲ್ಲವೇ ಎಂದು ಕೇಳಿದೆ.

"ಯಾಕ ನಂಬಂಗಿಲ್ಲ? ಹುಟ್ಟಿದಾಗಿಂದ ನಂಬೀನಿ. ಬಾಗಿಲ ಸಂದ್ಯಾಗ ನಿನ್ನ ಮುಖ ಕಾಣ್ತು. ಅತ್ತು ಅತ್ತು ಕಣ್ಣು ಬಾತಿದ್ವು. ಆದದ್ದಾಗಲಿ ಅಂದೆ. ಮೊದಲನೇ ವರ್ಷ ನೀ ಚಾ ತಂದು ಕೊಟ್ಟಾಗೆಲ್ಲ ಎದಿ ಹೊಡಕೊಳ್ಳೋದು, ಲೇ."

ಕತ್ತಲಿತ್ತು, ಅಷ್ಟು ಒಳ್ಳೆಯದಾಯಿತು. ನಂಬದ ನಾನೇ ಅಷ್ಟು ಹೆದರಿದ್ದೆ. ಅವರು ಪೂರ್ತಿ ನಂಬಿಯೂ ನನ್ನನ್ನು ಕರೆತಂದಿದ್ದರು. ಆ ಋಣ ನಾನು ಇನ್ನೂ ತೀರಿಸಿಲ್ಲ, ತೀರಿಸುವ ದಾರಿಯೂ ಗೊತ್ತಿಲ್ಲ. ಆ ಮೊದಲನೇ ವರ್ಷ ದಿನಾ ಎರಡು ಹೊತ್ತು ನಾನೇ ಚಹಾ ಮಾಡಿ ಕೊಡುತ್ತಿದ್ದೆ. ಅವರು ಒಂದು ದಿನವೂ ಬೇಡ ಅಂದಿರಲಿಲ್ಲ.