ಇದು ನಾನಲ್ಲ, ಸರ್

2023ರಲ್ಲಿ ನಾನು ಆದೋನಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರ ಕೈಕೆಳಗೆ ಅನಸ್ತೇಶಿಯಾ ಟೆಕ್ನಿಷಿಯನ್ ಆಗಿದ್ದೆ. ರೋಗಿಗೆ ಮಾನಿಟರಿನ ತಂತಿ ಅಂಟಿಸುವುದು, ಸಿರಿಂಜಿಗೆ ಔಷಧಿ ತುಂಬಿಡುವುದು, ಮಾನಿಟರ್ ಕಾಯುವುದು ನನ್ನ ಕೆಲಸ. ಯಾರೂ ಹೇಳದೆ ಮಾಡುತ್ತಿದ್ದ ಕೆಲಸ ಇನ್ನೊಂದಿತ್ತು: ಎಲ್ಲರ ದನಿ ತೆಗೆದು ಅಣಕಿಸಿ ತೋರಿಸುವುದು. ಸರ್ಜನ್ ಗಂಟಲು ಸರಿಮಾಡಿಕೊಳ್ಳುವುದು, ನಮ್ಮೂರು ಹೊಳಗುಂದದಿಂದ ನಮ್ಮಪ್ಪ ಫೋನಿನಲ್ಲಿ ಕೂಗುವುದು, ಅಪ್ಪನಿಗೆ ಉತ್ತರಿಸುವಾಗ ನಾನೇ ತೊದಲುವುದು.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಪಲ್ಸ್ ಆಕ್ಸಿಮೀಟರ್. ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಈ ಯಂತ್ರ ಪ್ರತಿ ನಾಡಿಗೂ ‘ಟಿಂವ್’ ಎನ್ನುತ್ತದೆ. ಆಕ್ಸಿಜನ್ ಇಳಿದರೆ ದನಿಯೂ ಇಳಿಯುತ್ತದೆ. ಹಾಗಾಗಿ ಅರಿವಳಿಕೆ ವೈದ್ಯರು ಪರದೆ ನೋಡದಾಗಲೂ ಕಿವಿಯಿಂದ ರೋಗಿಯನ್ನು ಕಾಯುತ್ತಾರೆ. ನಮ್ಮ ಅರಿವಳಿಕೆ ವೈದ್ಯ ರಮಣ ಸರ್ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುವಾಗ ನಾನು ಹಿಂದೆ ನಿಂತು ಆ ಇಳಿಯುವ ದನಿ ತೆಗೆದರೆ, ಬಿಸ್ಕತ್ತು ಕಪ್ಪಿನಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು. ಹೀಗೆ ನಾಲ್ಕು ಸಲ ಎಬ್ಬಿಸಿದ್ದೇನೆ.

ಆ ಬೇಸಿಗೆಯಲ್ಲಿ ಗೌರಮ್ಮ ಬಂದರು. ಎಪ್ಪತ್ತು ವರ್ಷ, ಹತ್ತಿ ವ್ಯಾಪಾರಿ ಶರಣಪ್ಪನವರ ಹೆಂಡತಿ. ನಾಡಿ ನಿಮಿಷಕ್ಕೆ ಮೂವತ್ತಾರು. ಪೇಸ್‌ಮೇಕರ್ ಹಾಕಲೇಬೇಕಿತ್ತು. ಇದಕ್ಕೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಭುಜದ ಕೆಳಗೆ ಮರಗಟ್ಟಿಸಿ, ಭಯ ಕಳೆಯಲು ತುಸು ಮಂಪರು ಕೊಡುತ್ತೇವೆ. ಮುಖಕ್ಕೆ ಹಸಿರು ಬಟ್ಟೆ ಅಡ್ಡ ಬರುವುದರಿಂದ ಎಚ್ಚರವಿದ್ದಾರೆಯೇ ಎಂದು ತಿಳಿಯಲು ಮಾತಾಡಿಸುತ್ತಿರುವುದು ನನ್ನ ಪಾಲಿನ ಕೆಲಸ.

“ಅವ್ವಾರ, ಯಜಮಾನ್ರು ಹೊರಗ ಕುಂತು ಅಳಾಕತ್ಯಾರ.”

“ಅಳಲಿ ಬಿಡಪಾ. ಐವತ್ತು ವರ್ಷ ನಾ ಅತ್ತೀನಿ.”

ಸ್ವಲ್ಪ ಹೊತ್ತಿಗೆ ಗೌರಮ್ಮನವರ ಮಾತು ನಿಂತಿತು. ಕಣ್ಣು ಹತ್ತಿತೆಂದು ನಾನು ಸುಮ್ಮನಾದೆ. ಅದು ನನ್ನ ತಪ್ಪು. ವಯಸ್ಸಾದವರಿಗೆ ಕಡಿಮೆ ಮಂಪರೂ ಹೆಚ್ಚಾಗಿ ಉಸಿರೇ ನಿಂತುಬಿಡಬಹುದು. ರಮಣ ಸರ್ ನಮಗೆ ಬೆನ್ನು ಮಾಡಿ ಚಾರ್ಟ್ ಬರೆಯುತ್ತಿದ್ದರು. ಟಿಂವ್ ಇಳಿಯತೊಡಗಿತು.

“ಏಮ್ರಾ, ಮಳ್ಳೀ ನೀ ಆಟಲೇನಾ?” ಎಂದರು ಸರ್ ತೆಲುಗಿನಲ್ಲಿ. ಮತ್ತೆ ನಿನ್ನ ಆಟ ಶುರುವಾಯಿತೇ ಎಂದು.

“ಇದು ನಾನಲ್ಲ, ಸರ್.”

ಅವರು ತಿರುಗಿ ನನ್ನನ್ನೇ ನೋಡಿದರು. ಮಾಸ್ಕಿನ ಹಿಂದೆ ನನ್ನ ಬಾಯಿ ಕಾಣುವಂತಿರಲಿಲ್ಲ. ಅಷ್ಟರಲ್ಲಿ ಅಲಾರಂ ಕೂಗಿತು. ಅದನ್ನೂ ನಾನು ತೆಗೆಯಬಲ್ಲೆ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಪರದೆ ನೋಡಿದರು. ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ಎಂಬತ್ತನಾಲ್ಕು.

ಬಟ್ಟೆ ಎತ್ತಿ, ದವಡೆ ಮುಂದಕ್ಕೆ ಹಿಡಿದು, ಮುಖಕ್ಕೆ ಮಾಸ್ಕ್ ಒತ್ತಿ ಬ್ಯಾಗಿನಿಂದ ಉಸಿರು ಕೊಟ್ಟರು. ಸರ್ಜನ್ ಕೈ ತಡೆದು ನಿಂತರು. “ಅವ್ವಾರ, ಉಸಿರು ತಗೋರಿ, ಉಸಿರು ತಗೋರಿ” ಎನ್ನುತ್ತಿದ್ದ ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. ಎಂಬತ್ತೆಂಟು, ತೊಂಬತ್ತೆರಡು. ಟಿಂವ್ ಮೆಲ್ಲಗೆ ಮೇಲೆ ಹತ್ತಿತು. ಗೌರಮ್ಮ ತಾವೇ ಉಸಿರೆಳೆದರು.

ಕೆಲಸ ಮುಗಿದ ಮೇಲೆ ಸರ್ ಕೈಗವಸು ಬಿಚ್ಚುತ್ತ, “ಎರಡು ಸೆಕೆಂಡು ನಿನ್ನ ಮಾರಿ ನೋಡಿದ್ನಲ್ಲೋ. ಆಕಿ ಮಾರಿ ನೋಡ್ಬೇಕಾಗಿತ್ತು” ಎಂದರು. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಮರೆತುಬಿಡುತ್ತಿದ್ದೆ.

ಮರುದಿನ ವಾರ್ಡಿಗೆ ಹೋದೆ. ಶರಣಪ್ಪನವರು ಮೂಸಂಬಿ ಸುಲಿಯುತ್ತಿದ್ದರು.

“ಎಲ್ಲಾರ ದನಿ ತೆಗಿತೀಯಂತಲ್ಲಪಾ,” ಎಂದರು ಗೌರಮ್ಮ. “ನನ್ನ ಎದಿ ಮಿಷಿನ್ಯಾಗ ಹೆಂಗ ಬಡೀತಿತ್ತು, ತೆಗಿ ನೋಡೂಣು.”

ಮಂಪರಿನಲ್ಲಿ ಬಿದ್ದವರ ಪರವಾಗಿ ಕೂಗಲು ಆಪರೇಷನ್ ಕೋಣೆಯಲ್ಲಿ ಇರುವುದು ಆ ಟಿಂವ್ ಒಂದೇ ದನಿ. ಅದು ಕೇಳಿಸಿದಾಗ ಯಾರಿಗೂ ಅನುಮಾನ ಬರಬಾರದು. ಅಂದಿನಿಂದ ಅದನ್ನು ತೆಗೆದಿಲ್ಲ.

“ಅದು ಬ್ಯಾಡ್ರಿ ಅವ್ವಾರ. ಯಜಮಾನ್ರದು ತೆಗಿತೀನಿ,” ಎಂದು, ಶರಣಪ್ಪನವರಂತೆಯೇ ಮೂಗಿನಲ್ಲಿ ಎಳೆದು, “ಏ ಗೌರೀ, ನನ್ನ ಕನ್ನಡಕ ಎಲ್ಲೈತಿ?” ಎಂದೆ.

ಗೌರಮ್ಮನವರ ಕೈ ತಾನಾಗಿಯೇ ದಿಂಬಿನ ಕೆಳಗೆ ಕನ್ನಡಕ ಹುಡುಕಿತು.