ಭಾಗ ಎರಡು

ಆಗೆಲ್ಲ ನಂದಿನಿ ಲೇಔಟಿನ ಬೆಳಗಿಗೆ ಹಸಿ ಸಿಮೆಂಟಿನ ವಾಸನೆಯಿತ್ತು. ನಮ್ಮ ಸರ್ಕಾರಿ ಶಾಲೆಯ ಕಿಟಕಿಯಾಚೆ ಅಪಾರ್ಟ್‌ಮೆಂಟೊಂದು ಏಳುತ್ತಿತ್ತು. ಗೋಡೆ ನೆನೆಯಲೆಂದು ಬಿಟ್ಟ ನೀರು ಮಹಡಿಯಿಂದ ಮಹಡಿಗೆ ಹೊಳೆಯುತ್ತ ಇಳಿಯುವುದನ್ನು ನೋಡುತ್ತ ಕೂತರೆ ನನಗೆ ಏಳರ ಮಗ್ಗಿಯೂ ಮರೆತುಹೋಗುತ್ತಿತ್ತು.

ಆ ಕಟ್ಟಡದ ಬುಡದ ತಗಡಿನ ಶೆಡ್ಡಿನಿಂದ ಬರುತ್ತಿದ್ದವಳು ನಿಂಗಮ್ಮ. ಯಾದಗಿರಿ ಕಡೆಯವಳು, ಅಪ್ಪ ಗಾರೆ ಕೆಲಸದವನು. ಐದನೇ ಕ್ಲಾಸಿನಲ್ಲಿ ನನ್ನ ಪಕ್ಕವೇ ಅವಳ ಜಾಗ. ಅವಳು ತರುತ್ತಿದ್ದ ಟೈಲ್ಸ್ ಚೂರಿನಷ್ಟು ನುಣ್ಣಗಿನ ಕುಂಟೆಬಿಲ್ಲೆ ನಮ್ಮ ಯಾರ ಹತ್ತಿರವೂ ಇರಲಿಲ್ಲ.

ಗಣಿತದ ಪುಸ್ತಕ ಎರಡು ಭಾಗವಾಗಿ ಬರುತ್ತಿತ್ತು. ಎರಡನೆಯದು ದಸರಾ ರಜೆಯ ನಂತರ. ನಿಂಗಮ್ಮ ಮಾತ್ರ ಯಾವ ಕ್ಲಾಸಿನ ಭಾಗ ಎರಡನ್ನೂ ಕಂಡವಳಲ್ಲ. ವರ್ಷದ ನಡುವೆ ಕಟ್ಟಡ ಮುಗಿಯುತ್ತಿತ್ತು, ಅವರು ಊರಿಗೆ ಹೋಗುತ್ತಿದ್ದರು, ಜೂನ್‌ನಲ್ಲಿ ಮತ್ತೆಲ್ಲೋ ಹೊಸ ಶಾಲೆ. ಭಿನ್ನರಾಶಿ ಇರುತ್ತಿದ್ದುದು ಭಾಗ ಎರಡರಲ್ಲಿ. ಅದು ಬಾರದೆಂದು ಹೋದಲ್ಲೆಲ್ಲ ಅವಳನ್ನು ಹಿಂದಿನ ಬೆಂಚಿಗೆ ತಳ್ಳುತ್ತಿದ್ದರಂತೆ. ಈ ವರ್ಷವಾದರೂ ಕಲಿಯಬೇಕೆಂದು ಅವಳಿಗೆ ಬಲು ಆಸೆ.

"ನಿಧಾನಕ್ಕೆ ಕಟ್ಟೋಕೆ ಹೇಳೇ ನಿಮ್ಮಪ್ಪಂಗೆ," ಅಂದೆ.

"ನಮ್ಮಪ್ಪ ಭಾಳ ಚಲೋ ಕಟ್ತಾನ. ಅದಕ್ಕ ಲಗೂ ಮುಗೀತದ," ಅಂದಳು. ಹೆಮ್ಮೆಯಿಂದಲೇ ಅಂದಳು, ಆಮೇಲೆ ಮುಖ ಸಣ್ಣದಾಯಿತು.

ಮಳೆ ಬಂದರೆ ಕೆಲಸ ನಿಲ್ಲುತ್ತದೆಂದು ಇಬ್ಬರೂ ಗಣೇಶನ ಗುಡಿ ಸುತ್ತಿದೆವು. ನಮ್ಮಂಥವರ ಮಾತನ್ನು ದೇವರು ಕೇಳುವುದೇ ಅಪರೂಪ, ಆ ಸಲ ಕೇಳಿಬಿಟ್ಟ. ವಾರವಿಡೀ ಜಡಿಮಳೆ. ಕೆಲಸ ನಿಂತಿತು, ಕೂಲಿಯೂ ನಿಂತಿತು. ಬಿಸಿಯೂಟದಲ್ಲಿ ನಿಂಗಮ್ಮ ಅನ್ನ ಸಾಂಬಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು. ಮಳೆ ಸಾಕು ಅಂತ ಕೇಳೋಣ ಬಾ ಎಂದು ಅವಳೇ ನನ್ನನ್ನು ಗುಡಿಗೆ ಕರೆದೊಯ್ದಳು.

ಬಿಸಿಲು ಬಂದದ್ದೇ ತಡ, ಕೆಲಸ ಓಡಿತು. ದಸರಾ ರಜೆ ಮುಗಿಸಿ ಬಂದರೆ ಶೆಡ್ಡಿದ್ದ ಜಾಗದಲ್ಲಿ ಹೂಕುಂಡಗಳು ನಿಂತಿದ್ದವು. ಆ ವಾರವೇ ಮಿಸ್ ಹೆಸರು ಕರೆದು ಹೊಸ ಪುಸ್ತಕ ಹಂಚಿದರು. ನಿಂಗಮ್ಮನ ಹೆಸರಿಗೆ ಯಾರೂ ಏಳಲಿಲ್ಲ.

"ಬಂದ್ರೆ ಕೊಡೋಣ," ಎಂದು ಅವಳ ಪ್ರತಿಯನ್ನು ಬೀರುವಿನಲ್ಲಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ನಾನು ಶಾಲೆ ಬಿಡುವವರೆಗೂ ಅದು ಅಲ್ಲೇ ಇತ್ತು.

ಈಗ ಆ ಶಾಲೆಗೆ ಬೀಗ ಬಿದ್ದಿದೆ. ಸಿಮೆಂಟಿನ ವಾಸನೆ ಎಲ್ಲಿ ಬಂದರೂ ಅಲ್ಲಿ ಶೆಡ್ಡಿದೆಯೇ ಎಂದು ಹುಡುಕುತ್ತೇನೆ. ಅವಳಿಗೆ ಭಿನ್ನರಾಶಿಯನ್ನು ಯಾರಾದರೂ ಹೇಳಿಕೊಟ್ಟರೋ ಇಲ್ಲವೋ ತಿಳಿಯದು. ಮೊನ್ನೆ ಆ ಅಪಾರ್ಟ್‌ಮೆಂಟಿನ ಮುಂದೆ ತುಸು ಹೊತ್ತು ನಿಂತಿದ್ದೆ. ಇಷ್ಟು ವರ್ಷವಾದರೂ ಗೋಡೆಯಲ್ಲಿ ಒಂದು ಬಿರುಕಿಲ್ಲ. ಅವಳಪ್ಪ ಚೆನ್ನಾಗಿಯೇ ಕಟ್ಟಿದ್ದ.